ಸವಾರಿ ಬಂಡಿಯೂ ಇಂದಿನ ಮೋಟಾರೂ

ನಮ್ಮ ಬಾಲ್ಯದಲ್ಲಿ, ಅಂದರೆ 1970ರ ದಶಕದಲ್ಲಿ, ನವಲಗುಂದದ ಸೀಮೆಯಿಂದ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಭಾರತ ಹುಣ್ಣಿವೆಯ ಯಾತ್ರೆಯು ಕೊಲ್ಲಾರಿ ಬಂಡಿಯಲ್ಲಿಯೇ ನಡೆಯುತ್ತಿತ್ತು. ಮೇಲೆ ಬಿದಿರಿನ ಕಮಾನು, ಅದಕ್ಕೆ ಚಾಪೆಯ ಹೊದಿಕೆ. ಕೆಳಗೆ ಹುಲ್ಲು, ಹುಲ್ಲಿನ ಮೇಲೆ ಕೌದಿ, ಅದರ ಮೇಲೆ ಹೆಂಗಸರೇ ನೆಯ್ಯುವ ನವಲಗುಂದದ ಜಮಖಾನೆ. ಅಚ್ಚಿನ ಕೆಳಗೆ ಕಂದೀಲು. ಎಲ್ಲರೂ ಎದುರುಬದುರಾಗಿ ಕೂಡ್ರುವದು. ನಿದ್ದೆ ಬಂದವರು ಮಲಗುವದು. ಗುಡ್ಡದಲ್ಲಿ ಎತ್ತು ಬಿಚ್ಚಿದೊಡನೆ ಬಂಡಿಯೇ ಮನೆಯಾಗುತ್ತಿತ್ತು. ಆದರೆ ಕಬ್ಬಿಣದ ಹಳಿಯ ಗಾಲಿಗಳ ಕುಲುಕಾಟಕ್ಕೆ ವೃದ್ಧರ ನಡು ನೋಯುತ್ತಿತ್ತು. ಮರಳುವಾಗಲಂತೂ ಹುಲ್ಲಿನ ಮೆತ್ತೆಯು ಎತ್ತುಗಳ ಹೊಟ್ಟೆಯನ್ನು ಸೇರಿರುತ್ತಿತ್ತು!

ಇಂದಿನ ಬಾಡಿಗೆಯ ಮೋಟಾರಿನಲ್ಲಿ ಆ ಕುಲುಕಾಟವಿಲ್ಲ. ಇಡೀ ದಿನದ ಹಾದಿಯು ಒಂದೆರಡು ತಾಸುಗಳಲ್ಲಿ ಸರಿಯುವದು. ಆದರೆ ಒಬ್ಬೊಬ್ಬರಿಗೆ ಒಂದೊಂದು ಆಸನ. ಕಾಣುವದು ಮುಂದಿನವರ ಬೆನ್ನು ಮಾತ್ರ.

ಹೋದ ವರ್ಷ ನಮ್ಮ ತಾಯಿಯವರು ಗುಡ್ಡಕ್ಕೆ ಹೋಗಬೇಕೆಂದರು. ಅವರಿಗೆ ಕೂಡ್ರುವ ಶಕ್ತಿ ಉಳಿದಿರಲಿಲ್ಲ. ಮೋಟಾರಿನ ಹಿಂದಿನ ಆಸನಗಳನ್ನು ಮಡಚಿಸಿ, ಆ ಹಳೆಯ ಜಮಖಾನೆಯನ್ನೇ ಹಾಸಿ ಮಲಗಿಸಿದೆವು. ನಾವು ಅವರ ತಲೆಯ ಬಳಿ ಕುಳಿತೆವು. ಊರು ದಾಟಿದ ಮೇಲೆ ಕಣ್ಣು ತೆರೆದು, "ಕಂದೀಲ ಕಟ್ಟೀಯೇನೋ ತಮ್ಮಾ?" ಎಂದು ಕೇಳಿದರು. "ಕಟ್ಟೇನವ್ವಾ" ಎಂದೆವು. ಅದೇ ಅವರ ಕಡೆಯ ಯಾತ್ರೆಯಾಯಿತು.

ಹಳೆಯದಿರಲಿ, ಹೊಸದಿರಲಿ, ಮಲಗಬೇಕಾದವರಿಗೆ ಸ್ಥಳವುಳ್ಳದ್ದೇ ಉತ್ತಮ ವಾಹನವೆಂದು ಈಗ ನಮ್ಮ ಮತ.