ಬೆವರುವ ಅಂಗೈ

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಶಾಲೆಯ ಬೆಳವಣಿಗೆಯನ್ನು ಕುರಿತೋ ಗುರುವರ್ಯರ ಪಾಠಕ್ರಮವನ್ನು ಕುರಿತೋ ನನಗಿಂತ ಸಮರ್ಥರಾದವರು ಬರೆಯುವರೆಂಬ ಭರವಸೆಯಿಂದ, ನಾನು ನನ್ನ ಬಲ ಅಂಗೈಯನ್ನು ಕುರಿತು ಬರೆಯಲು ನಿಶ್ಚಯಿಸಿದೆ. ವಿಷಯ ಅಲ್ಪವೆಂದು ತೋರಬಹುದು. ಆದರೆ ಈ ಶಾಲೆಯಲ್ಲಿ ಕಲಿತುದರಲ್ಲಿ ಇಂದಿಗೂ ನನಗೆ ನಿತ್ಯ ಉಪಯೋಗಕ್ಕೆ ಬರುತ್ತಿರುವ ಪಾಠವೊಂದು ಈ ಅಂಗೈಯ ಮೂಲಕವೇ ಬಂದದ್ದು.

ನನ್ನ ಊರು ಯಳಂದೂರು ತಾಲ್ಲೂಕಿನ ಅಗರ. ನಮ್ಮದು ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಮನೆ. ಬುದ್ಧಿ ತಿಳಿದಂದಿನಿಂದ ನನ್ನ ಕೈಗಳು ಬೆವರುತ್ತಿದ್ದುವು. ಸ್ಲೇಟಿನ ಮೇಲೆ ಬರೆದುದನ್ನು ಮೇಷ್ಟರು ನೋಡುವ ಮೊದಲೇ ನನ್ನ ಕೈಯೇ ಅಳಿಸಿಬಿಡುತ್ತಿತ್ತು. ಶಾಯಿಯ ಕಾಲಕ್ಕೆ ಬಂದಾಗ ಕಷ್ಟ ಇಮ್ಮಡಿಯಾಯಿತು. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ನೋಯಿಸುತ್ತಿದ್ದುದು ಇನ್ನೊಂದು: ಆಟದಲ್ಲಿ ನನ್ನ ಕೈ ಹಿಡಿದ ಹುಡುಗರು ಬಿಟ್ಟೊಡನೆ ತಮ್ಮ ಕೈಯನ್ನು ಚಡ್ಡಿಗೆ ಒರೆಸಿಕೊಳ್ಳುತ್ತಿದ್ದರು.

ನಾನು ಪ್ರೌಢಶಾಲೆಯಲ್ಲಿದ್ದಾಗ, 1980ರ ಮಾರ್ಚ್ ತಿಂಗಳಿನಲ್ಲಿ ಪ್ರಕಾಶ್ ಪಡುಕೋಣೆಯವರು ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು 15–3, 15–10ರಿಂದ ಸೋಲಿಸಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದರು. ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ನಿನಲ್ಲಿ, ಮದುವೆಗಳೂ ನಡೆಯುತ್ತಿದ್ದ ಸಭಾಂಗಣವೊಂದರಲ್ಲಿ ಆಡಿ ಬೆಳೆದವರು ಅವರು. ನಮಗೆ ಸಭಾಂಗಣವೂ ಇರಲಿಲ್ಲ, ಗರಿಯ ಚೆಂಡೂ ಇರಲಿಲ್ಲ. ಇದ್ದುದು ಬಯಲಿನಲ್ಲಿ ಹಳದಿ ಉಣ್ಣೆಯ ಚೆಂಡಿನಿಂದ, ಒಂದೊಂದು ಕಡೆಗೆ ಐವರಂತೆ ಆಡುವ ಬಾಲ್ ಬ್ಯಾಡ್ಮಿಂಟನ್. ಆದರೂ ಆ ವರ್ಷ ಬ್ಯಾಟು ಹಿಡಿದ ಪ್ರತಿಯೊಬ್ಬ ಹುಡುಗನೂ ತಾನೇ ಪ್ರಕಾಶನೆಂದು ತಿಳಿದಿದ್ದ, ನಾನೂ ಅವರಲ್ಲೊಬ್ಬ. ನನ್ನ ಬ್ಯಾಟಿನ ಹಿಡಿಗೆ ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಸಿ ಸುತ್ತಿದ್ದೆ. ಒಣಗಿದ್ದಾಗ ಅದರಂಥ ಭದ್ರವಾದ ಹಿಡಿ ಇನ್ನೊಂದಿಲ್ಲ. ಬೆವರು ತಾಗಿದರೆ ಅದರಂಥ ಜಾರುವ ವಸ್ತುವೂ ಇನ್ನೊಂದಿಲ್ಲ.

ಶಾಲೆಗಳ ನಡುವಿನ ಪಂದ್ಯವೊಂದರ ಕೊನೆಯ ಘಟ್ಟದಲ್ಲಿ, ಮೇಲೆ ಬಂದ ಚೆಂಡನ್ನು ಬಲವಾಗಿ ಹೊಡೆಯಲು ಕೈ ಬೀಸಿದೆ. ಬ್ಯಾಟು ಕೈಯಿಂದ ನುಣುಚಿ, ಮುಂದೆ ನಿಂತಿದ್ದ ನನ್ನ ಆಪ್ತ ಗೆಳೆಯನ ಹುಬ್ಬಿಗೆ ಬಡಿಯಿತು. ಅವನ ಬಿಳಿಯ ಅಂಗಿಯ ಮೇಲೆ ರಕ್ತ ಇಳಿದುದನ್ನು ಕಂಡು ನಾನು ನಿಂತಲ್ಲಿಯೇ ಕುಸಿದೆ. ಪೆಟ್ಟು ಒಂದು ಅಂಗುಲ ಕೆಳಗೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತೆಂದು ಹೊಲಿಗೆ ಹಾಕಿದ ವೈದ್ಯರು ಹೇಳಿದರು. ಗೆಳೆಯ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಅಂದಿನಿಂದ ಬ್ಯಾಟನ್ನು ಮುಷ್ಟಿ ಬೆಳ್ಳಗಾಗುವಂತೆ ಹಿಸುಕಿ ಹಿಡಿಯತೊಡಗಿದೆ. ಹಿಸುಕಿದಷ್ಟೂ ಮುಂಗೈ ಮರಗಟ್ಟಿತು. ಮತ್ತೆ ಜಾರೀತೆಂಬ ಭಯಕ್ಕೆ ಬೆವರು ಇನ್ನಷ್ಟು ಹೆಚ್ಚಿತು. ಹುಳುವಿನ ತಟ್ಟೆಗಳು ತೇವವಾದಾಗ ಮನೆಯಲ್ಲಿ ಸುಣ್ಣದ ಪುಡಿ ಉದುರಿಸುತ್ತಿದ್ದುದನ್ನು ಕಂಡಿದ್ದ ನಾನು, ತಟ್ಟೆ ಒಣಗುವುದಾದರೆ ಕೈ ಏಕೆ ಒಣಗಬಾರದೆಂದು ಅದನ್ನೇ ಅಂಗೈಗೆ ತಿಕ್ಕಿಕೊಂಡೆ. ಸುಣ್ಣ ಬೆವರಿನೊಡನೆ ಬೆರೆತು ಚರ್ಮವನ್ನು ಸುಟ್ಟಿತು. ಆಟದ ಬಯಲಿನ ಕಡೆಗೆ ಹೋಗುವುದನ್ನೇ ನಿಲ್ಲಿಸಿದೆ.

ನಮ್ಮ ವ್ಯಾಯಾಮ ಶಿಕ್ಷಕರು ನಾಲ್ಕಾರು ದಿನ ನೋಡಿ, ಒಂದು ಸಂಜೆ ನನ್ನನ್ನು ಕರೆಸಿದರು. ಬೈಗುಳಕ್ಕೆ ಸಿದ್ಧನಾಗಿಯೇ ಹೋದೆ. ಅವರು ನನ್ನ ಬಲಗೈಯನ್ನು ತಮ್ಮ ಎರಡೂ ಕೈಗಳಿಂದ ಹಿಡಿದು, ಸುಟ್ಟ ಗಾಯವನ್ನೂ ಬೆವರನ್ನೂ ಬಹಳ ಹೊತ್ತು ನೋಡಿದರು. ಕೈ ಬಿಟ್ಟ ಮೇಲೆ ತಮ್ಮ ಕೈಯನ್ನು ಒರೆಸಿಕೊಳ್ಳಲಿಲ್ಲ. ನನಗೆ ಗುರು ಎಂಬ ಮಾತಿನ ಅರ್ಥವಾದದ್ದು ಆ ಕ್ಷಣದಲ್ಲಿ.

“ನಿಮ್ಮ ತಂದೆ ಗುದ್ದಲಿ ಹಿಡಿಯುವ ಮೊದಲು ಅಂಗೈಗೆ ಉಗುಳಿಕೊಳ್ಳುವುದಿಲ್ಲವೇನಪ್ಪ?” ಎಂದು ಕೇಳಿದರು. ಹೌದೆಂದೆ. “ಒಂದಿಷ್ಟು ಪಸೆ ಇದ್ದರೆ ಹಿಡಿತ ಕೂಡುತ್ತದೆ. ಹೆಚ್ಚಾದರೆ ಕೈಗೂ ಕಾವಿಗೂ ನಡುವೆ ನೀರು ನಿಲ್ಲುತ್ತದೆ. ನಿನ್ನ ಕೈಯದು ತಪ್ಪಲ್ಲ. ಆ ನೀರು ಹೋಗಲು ನೀನು ದಾರಿ ಮಾಡಿಕೊಡಲಿಲ್ಲ, ಅಷ್ಟೆ.”

ಅವರು ಟ್ಯೂಬನ್ನು ಬಿಚ್ಚಿ ಎಸೆದರು. ತಮ್ಮ ಹಳೆಯ ಪಂಚೆಯೊಂದನ್ನು ಎರಡು ಬೆರಳಗಲಕ್ಕೆ ಸೀಳಿ, ಹಿಡಿಯ ಬುಡದಿಂದ ಮೇಲಕ್ಕೆ, ಸುತ್ತಿನ ಮೇಲೆ ಸುತ್ತು ಸ್ವಲ್ಪ ಏರುವಂತೆ ಬಿಗಿಯಾಗಿ ಸುತ್ತಿ ದಾರದಿಂದ ಕಟ್ಟಿದರು. ತೋಳಿನ ಬೆವರು ಅಂಗೈಗೆ ಇಳಿಯದಂತೆ ಮಣಿಕಟ್ಟಿಗೂ ಒಂದು ಪಟ್ಟಿ, ಸೊಂಟದಲ್ಲಿ ಕೈವಸ್ತ್ರ. ಚೆಂಡು ಆಟದಲ್ಲಿಲ್ಲದಾಗ ಬ್ಯಾಟು ಎಡಗೈಯಲ್ಲಿರಬೇಕು, ಬಲಗೈ ಗಾಳಿಗೆ ತೆರೆದಿರಬೇಕು ಎಂದು ವಿಧಿಸಿದರು. ಇಷ್ಟೆಲ್ಲ ಆದ ಮೇಲೂ ನಾನು ಹಳೆಯ ಅಭ್ಯಾಸದಂತೆ ಹಿಸುಕಿ ಹಿಡಿದುದನ್ನು ಕಂಡು ನಕ್ಕು, “ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವಾಗಲೂ ಹೀಗೇ ಹಿಸುಕುತ್ತೀಯೇನು?” ಎಂದರು.

ರೇಷ್ಮೆಯ ಮನೆಯ ಹುಡುಗನಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಎತ್ತುವ ಬೆರಳು ಅದನ್ನು ಬೀಳಿಸಲೂ ಬಾರದು, ನೋಯಿಸಲೂ ಬಾರದು. ಕಾಯುವಾಗ ಆ ಹಿಡಿತ, ಚೆಂಡು ತಾಗುವ ಕ್ಷಣದಲ್ಲಿ ಮಾತ್ರ ಬಿಗಿತ, ಮರುಕ್ಷಣ ಮತ್ತೆ ಸಡಿಲ. ತಿಂಗಳೊಳಗೆ ನಾನು ಬಯಲಿಗೆ ಮರಳಿದೆ. ಹುಬ್ಬಿನ ಮೇಲೆ ಗಾಯದ ಗುರುತು ಹೊತ್ತ ಗೆಳೆಯ, ತಾನಾಗಿಯೇ ನನ್ನ ಮುಂದಿನ ಸ್ಥಾನವನ್ನು ಕೇಳಿ ಪಡೆದು ಅಲ್ಲಿಯೇ ನಿಂತ.

ಅಂಗೈಯ ಬೆವರು ಬಿಸಿಲಿಗಿಂತ ಹೆಚ್ಚಾಗಿ ಭಯ, ಉದ್ವೇಗಗಳಿಗೆ ಓಗೊಡುತ್ತದೆ ಎಂಬುದನ್ನೂ, ಕೈ ಅತಿಯಾಗಿ ಬೆವರುವುದು ಅನೇಕ ಕುಟುಂಬಗಳಲ್ಲಿ ವಂಶದಿಂದ ಬರುವುದೆಂಬುದನ್ನೂ ನಾನು ತಿಳಿದದ್ದು ಬಹಳ ತಡವಾಗಿ. ರಾತ್ರಿ ಹಚ್ಚುವ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣ, ನೀರಿನಲ್ಲಿ ಕೈಯಿರಿಸಿ ಮಂದ ವಿದ್ಯುತ್ತನ್ನು ಹಾಯಿಸುವ ಚಿಕಿತ್ಸೆ ಮೊದಲಾದುವು ಈಗ ವೈದ್ಯರಲ್ಲಿ ಲಭ್ಯವಿವೆ. ನಮ್ಮ ಮೇಷ್ಟರಿಗೆ ಇವು ಯಾವುವೂ ತಿಳಿದಿರಲಿಲ್ಲ. ಹುಡುಗ ಹೆದರಿದ್ದಾನೆ ಎಂಬುದು ತಿಳಿದಿತ್ತು.

ಮುಂದೆ ಉದ್ಯೋಗನಿಮಿತ್ತ ಮೈಸೂರು ಸೇರಿ ಟೆನಿಸ್ ಕಲಿತಾಗ ಕಷ್ಟ ಹೊಸ ರೂಪದಲ್ಲಿ ಎದುರಾಯಿತು. ಉಣ್ಣೆಯ ಚೆಂಡಿನ ತೂಕ 30 ಗ್ರಾಂ ಮೀರದು. ಟೆನಿಸ್ ಚೆಂಡಿನದು 56 ಗ್ರಾಮಿಗೂ ಹೆಚ್ಚು. ಅದು ತಂತಿಗಳ ನಡುಭಾಗವನ್ನು ತಪ್ಪಿ ಬಡಿದರೆ ಒದ್ದೆಯಾದ ಹಿಡಿ ಅಂಗೈಯೊಳಗೇ ತಿರುಗಿಬಿಡುತ್ತದೆ. ಆ ಕಾಲದ ಮಹಾನ್ ಆಟಗಾರ ಇವಾನ್ ಲೆಂಡ್ಲ್ ಜೇಬಿನಲ್ಲಿ ಮರದ ಹೊಟ್ಟನ್ನು ಇಟ್ಟುಕೊಂಡು ಹಿಡಿಗೆ ಸವರಿಕೊಳ್ಳುತ್ತಿದ್ದರೆಂದು ಓದಿ ನಾನೂ ಹಾಗೆಯೇ ಮಾಡಿದೆ. ಹಿಡಿತವೇನೋ ಸಿಕ್ಕಿತು, ಅಂಗಣ ಕಸವಾಯಿತೆಂದು ಮಾರ್ಕರನಿಂದ ಮಾತೂ ಸಿಕ್ಕಿತು. ಕೊನೆಗೆ ಕೈಗೆ ಹತ್ತಿದ್ದು ಮೂಲ ಹಿಡಿಯ ಮೇಲೆ ಸುತ್ತುವ, ಬೆವರನ್ನು ಹೀರುವ ತೆಳುವಾದ ಒಣ ಪಟ್ಟಿ. ಅಂಗಡಿಯವನು ಅದಕ್ಕೆ ಓವರ್‌ಗ್ರಿಪ್ ಎಂದ. ಬುಡದಿಂದ ಮೇಲಕ್ಕೆ, ಸುತ್ತಿನ ಮೇಲೆ ಸುತ್ತು ಏರುವಂತೆ ಅವನು ಸುತ್ತಿ ತೋರಿಸಿದಾಗ ನನ್ನ ಕಣ್ಣ ಮುಂದೆ ಇದ್ದುದು ಹರಿದ ಪಂಚೆ. ಪಟ್ಟಿ ನುಣುಪಾಗಿ ಹೊಳೆಯತೊಡಗಿದೊಡನೆ ಬದಲಿಸಬೇಕು. ಹಿಡಿಯನ್ನು ಹಿಡಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಹಿಡಿಸುವಷ್ಟು ಎಡೆಯಿರಬೇಕು. ಹಿಡಿ ತೀರ ಸಣ್ಣದಾದರೆ ಕೈ ತಾನಾಗಿಯೇ ಹಿಸುಕತೊಡಗುತ್ತದೆ.

2024ರ ಜನವರಿಯಲ್ಲಿ ಕೊಡಗಿನ ರೋಹನ್ ಬೋಪಣ್ಣನವರು ತಮ್ಮ 43ನೆಯ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದಾಗ ನನ್ನ ಮೊಮ್ಮಗಳು ತನಗೂ ರ‍್ಯಾಕೆಟ್ ಬೇಕೆಂದಳು. ಮೊದಲ ವಾರವೇ, “ತಾತಾ, ನನ್ನ ಕೈ ಅಸಹ್ಯ” ಎಂದು ಅಂಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಬಂದಳು. ನನ್ನ ಆಸ್ತಿಯಲ್ಲಿ ಅವಳಿಗೆ ಮೊದಲು ಸಂದದ್ದು ಇದೇ ಎಂದುಕೊಂಡೆ. ಅವಳ ಕೈಯನ್ನು ನನ್ನ ಎರಡೂ ಕೈಗಳಿಂದ ಹಿಡಿದುಕೊಂಡೆ. ಅವಳದು ಯಾವುದು, ನನ್ನದು ಯಾವುದು ಎಂದು ತಿಳಿಯದಂತೆ ಬೆವರು ಬೆರೆತಿತ್ತು. ಅದನ್ನು ಕಂಡು ಅವಳು ನಕ್ಕಳು. ಅವಳು ಹುಳುವಿನ ಮನೆಯನ್ನು ಕಂಡವಳಲ್ಲವಾದ್ದರಿಂದ ಒಮ್ಮೆ ಅಗರಕ್ಕೆ ಕರೆದೊಯ್ದು, ಪರಿಚಿತರ ಮನೆಯಲ್ಲಿ ಒಂದು ಹಣ್ಣುಹುಳುವನ್ನು ಅವಳ ಕೈಯಿಂದಲೇ ಚಂದ್ರಿಕೆಗೆ ಬಿಡಿಸಿದೆ. ಪಾಠ ಅಲ್ಲಿಗೆ ಮುಗಿಯಿತು.

ಈ ಸಂಚಿಕೆಯನ್ನು ಓದುವ ಅಧ್ಯಾಪಕ ಬಂಧುಗಳಲ್ಲಿ ನನ್ನದೊಂದು ವಿನಂತಿ: ಆಟದಿಂದ ಹಿಂಜರಿಯುವ ಮಗು ಕಂಡರೆ, ಗದರಿಸುವ ಮೊದಲು ಒಮ್ಮೆ ಅದರ ಕೈಯನ್ನು ಹಿಡಿದು ನೋಡಿ. ದಾನಿಗಳಲ್ಲಿ ಇನ್ನೊಂದು: ಶಾಲೆಗೆ ಬ್ಯಾಟುಗಳನ್ನು ಕೊಡಿಸುವಾಗ ಜೊತೆಗೆ ನಾಲ್ಕು ಅಂಗವಸ್ತ್ರಗಳನ್ನೂ ಒಂದು ಕಟ್ಟು ಹಿಡಿಪಟ್ಟಿಗಳನ್ನೂ ಸೇರಿಸಿ. ನನ್ನ ಪಾಲಿನ ಕಟ್ಟನ್ನು ಈ ಲೇಖನದೊಡನೆಯೇ ಕಳುಹಿಸುತ್ತಿದ್ದೇನೆ. ಅದನ್ನು ಶಾಲೆಗೆ ತಲುಪಿಸಲು ಒಪ್ಪಿರುವವನು ಹುಬ್ಬಿನ ಮೇಲೆ ಗುರುತುಳ್ಳ ಅದೇ ಗೆಳೆಯ.