ತುಕ್ಕಿನ ಬೆನ್ನು ಹತ್ತಿ

ಭಾನುವಾರ ಬೆಳಗ್ಗೆ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಸ್ಕೂಟರ್ ಹತ್ತಿದರೆ ನನ್ನ ಮನೆಯವಳು, "ಗುಜರಿ ಯಾತ್ರೆಗೆ ಹೊರಟಿರಾ?" ಎನ್ನುತ್ತಾಳೆ. ಸುಳ್ಳೇನಲ್ಲ. ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿದು ತಳುಕು, ಬಿ.ಜಿ. ಕೆರೆ ದಾಟಿ ಮೊಳಕಾಲ್ಮುರಿನ ಕಡೆ ಹೊರಳುವವರೆಗೆ ಹೊಲದ ಬದುವಿನಲ್ಲಿ, ಕಣದ ಮೂಲೆಯಲ್ಲಿ, ಜಾಲಿಯ ಮರೆಯಲ್ಲಿ ನಾನು ಹುಡುಕುವುದು ತುಕ್ಕು ಹಿಡಿದ ಕಬ್ಬಿಣವನ್ನೇ. ಕಪಿಲೆಯ ಬಾನಿ, ಹಲ್ಲುದುರಿದ ಕಲ್ಟಿವೇಟರ್, ಗಾಲಿ ಮಾತ್ರ ಉಳಿದ ಡೀಸೆಲ್ ಎಂಜಿನ್, ಕಬ್ಬಿಣದ ನೇಗಿಲು. ಕಿರ್ಲೋಸ್ಕರರು 1903ರಲ್ಲಿ ಇಂಥ ನೇಗಿಲು ತಯಾರಿಸಿದಾಗ, ಕಬ್ಬಿಣ ಸೋಕಿದರೆ ಭೂಮಿಗೆ ವಿಷ ಎಂದು ರೈತರು ಹತ್ತಿರ ಸುಳಿಯಲಿಲ್ಲವಂತೆ!

ಅದೃಷ್ಟವಿದ್ದ ದಿನ ಮೂತಿ ಚಾಚಿದ ಹಳೆಯ ಲಾರಿಯೂ ಸಿಗುತ್ತದೆ. ಚಳ್ಳಕೆರೆಯ ಹೊರವಲಯದಲ್ಲಿ, ಬಾಗಿಲು ಮುಚ್ಚಿದ ಎಣ್ಣೆ ಮಿಲ್ಲೊಂದರ ಹಿತ್ತಿಲಲ್ಲಿ ನನಗೆ ಸಿಕ್ಕಿದ್ದು ಟಾಟಾ ಮತ್ತು ಜರ್ಮನಿಯ ಬೆಂಜ್ ಕಂಪನಿಗಳ ಕೂಡಾವಳಿಯ ಕಾಲದ್ದು. ಅಂದರೆ 1954ರಿಂದ 1969ರ ನಡುವಿನದು. ಶೇಂಗಾದಿಂದ ಮೆರೆದ ಊರು ನಮ್ಮದು. 1994ರಲ್ಲಿ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆಯಿತು, ಮಳೆಯೂ ಮೇಲಿಂದ ಮೇಲೆ ಕೈಕೊಟ್ಟಿತು. ಅನೇಕ ಗಾಣಗಳು ನಿಂತವು, ಲಾರಿಗಳೂ ನಿಂತವು.

ವಿದ್ಯಾರ್ಥಿಗಳೇ, ಆ ಹಿತ್ತಿಲೇ ಒಂದು ಪ್ರಯೋಗಶಾಲೆ. ತುಕ್ಕಿಗೆ ಆಮ್ಲಜನಕ, ನೀರು ಎರಡೂ ಬೇಕು. ನಮ್ಮದು ಒಣ ಹವೆ. ಉಪ್ಪುಗಾಳಿಯ ಕರಾವಳಿಯಲ್ಲಾಗಿದ್ದರೆ ಆ ಲಾರಿ ಎಂದೋ ಉದುರಿಹೋಗುತ್ತಿತ್ತು. ಇಲ್ಲಿ ಬಾಗಿಲ ಮೇಲಿನ ಹೆಸರು ಇನ್ನೂ ಓದುವಂತಿತ್ತು, ಮಣ್ಣಿನ ತೇವ ತಾಗಿದ ಗಾಲಿಯ ತಳ ಮಾತ್ರ ಹಪ್ಪಳದಂತೆ ಪದರ ಪದರವಾಗಿ ಏಳುತ್ತಿತ್ತು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ. ಆದ್ದರಿಂದ ಸಿಡಿದು ಉದುರುತ್ತದೆ, ಕೆಳಗಿನ ಹೊಸ ಕಬ್ಬಿಣ ಗಾಳಿಗೆ ಒಡ್ಡಿಕೊಳ್ಳುತ್ತದೆ. ಪಕ್ಕದಲ್ಲೇ ಬಿದ್ದಿದ್ದ ಗಾಣದ ತಿರುಪಿಗೆ ಮಾತ್ರ ತುಕ್ಕಿಲ್ಲ, ಕಪ್ಪಗೆ ಮಿರುಗುತ್ತಿತ್ತು. ಹಳೆಯ ಶೇಂಗಾ ಎಣ್ಣೆ ಜಿಡ್ಡಾಗಿ ಕೂತು ನೀರನ್ನು ದೂರವಿಟ್ಟಿತ್ತು. ತರಗತಿಯಲ್ಲಿ ಪ್ರನಾಳದ ಮೊಳೆ ತೋರಿಸಿ ಮೂವತ್ತು ವರ್ಷ ಹೇಳಿದ ಪಾಠ ನನಗೇ ಅಂದು ಸರಿಯಾಗಿ ಅರ್ಥವಾಯಿತು.

ಪೋಷಕರಿಗೊಂದು ಮಾತು. ಮಕ್ಕಳು ಇಂಥಲ್ಲಿಗೆ ಹೋದರೆ ಬೂಟು ಇರಲಿ, ಬಾನೆಟ್ಟಿನೊಳಗೆ ಹಾವಿರಬಹುದು. ಧನುರ್ವಾಯು ಬರುವುದು ತುಕ್ಕಿನಿಂದಲ್ಲ, ಮಣ್ಣಿನಲ್ಲಿರುವ ರೋಗಾಣು ಗಾಯದೊಳಗೆ ಇಳಿಯುವುದರಿಂದ. ಚುಚ್ಚುಮದ್ದು ತಪ್ಪಿಸಬೇಡಿ.

ಫೋಟೊಗೆ ಮೊದಲು ಅಪ್ಪಣೆ ಕೇಳುವುದು ನನ್ನ ರೂಢಿ. ಲಾರಿಯ ಯಜಮಾನರು, ಎಪ್ಪತ್ತು ದಾಟಿದವರು, "ಏನ್ ಮೇಷ್ಟ್ರೇ, ತುಕ್ಕು ಹಿಡಿದದ್ದೇ ಬೇಕು ಅಂದ್ರೆ ನಾನೂ ನಿಂತ್ಕೊಳ್ಳಲಾ?" ಎಂದು ನಕ್ಕರು. ನಿಲ್ಲಿಸಿಯೇ ತೆಗೆದೆ. ಅವರ ತಂದೆ ಆ ಲಾರಿಯಲ್ಲಿ ಶೇಂಗಾ ಹೇರಿಕೊಂಡು ದೂರದೂರಿಗೆ ಹೋಗುತ್ತಿದ್ದರಂತೆ.

ಅಲ್ಲಿಂದ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋದೆ. ಅಶೋಕನ ಶಾಸನಕ್ಕೆ ಹೆಸರಾದ ಊರು. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಅಗೆದಾಗ ಕಲ್ಗೋರಿಗಳಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯ ಕಬ್ಬಿಣದ ಹತ್ಯಾರುಗಳು ಸಿಕ್ಕಿದ್ದವು. ಸತ್ತವರ ಜೊತೆಗೆ ಕಬ್ಬಿಣವನ್ನೂ ಹೂಳುತ್ತಿದ್ದ ಜನ. ನಾವಾದರೆ ತೂಕಕ್ಕೆ ಹಾಕುತ್ತೇವೆ.

ತಿಂಗಳು ಬಿಟ್ಟು ದೊಡ್ಡ ಅಳತೆಯ ಪ್ರತಿ ಮಾಡಿಸಿಕೊಂಡು ಯಜಮಾನರಲ್ಲಿಗೆ ಹೋದೆ. ಹಿತ್ತಿಲು ಖಾಲಿ. ಮೊಮ್ಮಗಳ ಕಾಲೇಜಿನ ಫೀಜಿಗೆಂದು ಲಾರಿಯನ್ನು ಗುಜರಿಯವನಿಗೆ ಕೊಟ್ಟಿದ್ದರು. ಅವರು ಫೋಟೊವನ್ನು ಬಹಳ ಹೊತ್ತು ನೋಡಿದರು. "ಇದ್ರಲ್ಲಿ ನಂಬರ್ ಕಾಣುತ್ತೆ ಮೇಷ್ಟ್ರೇ," ಎಂದು ಒಳಗೆ ಹೋಗಿ, ಮೊಳೆ ಮತ್ತು ಸುತ್ತಿಗೆ ತಂದರು.