ಸಲಮಾ(ರ) ಅವರ ಕಾಲಿನ ಕಲೆ

ಪ್ರವಾದಿ ಮುಹಮ್ಮದ್(ಸ) ಅವರ ಸಹಾಬಿಗಳಲ್ಲಿ ಓಟಕ್ಕೆ ಹೆಸರಾದವರು ಸಲಮಾ ಬಿನ್ ಅಕ್ವಾ(ರ). ಝೂ ಕರದ್ ಎಂಬಲ್ಲಿ ಮೇಯುತ್ತಿದ್ದ ಪ್ರವಾದಿ(ಸ)ರ ಹಾಲು ಕರೆಯುವ ಒಂಟೆಗಳನ್ನು ಗತಫಾನ್ ಬುಡಕಟ್ಟಿನವರು ಅಟ್ಟಿಕೊಂಡು ಹೋದ ಸುದ್ದಿ ನಸುಕಿನಲ್ಲಿ ತಿಳಿದಾಗ, ಅವರು ಮದೀನಾದ ಕಡೆಗೆ ಮುಖ ಮಾಡಿ ಮೂರು ಬಾರಿ ಗಟ್ಟಿಯಾಗಿ ಕೂಗಿ ಜನರನ್ನು ಎಚ್ಚರಿಸಿದರು. ಕುದುರೆ ಸವಾರರು ಬರಲೆಂದು ಕಾಯಲಿಲ್ಲ. ಓಡುತ್ತಲೇ ಬೆನ್ನಟ್ಟಿದರು. ಕಣಿವೆ ಇಕ್ಕಟ್ಟಾದಲ್ಲಿ ಬೆಟ್ಟದ ಮೇಲೇರಿ ಕಲ್ಲುಗಳನ್ನು ಉರುಳಿಸಿದರು. ಒಂಟೆಗಳನ್ನು ಬಿಡಿಸಿಕೊಂಡರು. ಮರಳುವ ದಾರಿಯಲ್ಲಿ, ಓಟದಲ್ಲಿ ಯಾರಿಗೂ ಸೋಲದ ಅನ್ಸಾರಿಯೊಬ್ಬರು ಪಂದ್ಯಕ್ಕೆ ಕರೆದರು. ಸಲಮಾ(ರ) ಪ್ರವಾದಿ(ಸ)ರ ಅನುಮತಿ ಪಡೆದು ಒಂಟೆಯಿಂದ ಜಿಗಿದು ಓಡಿದರು. ಮೊದಲ ಒಂದೆರಡು ದಿಬ್ಬಗಳಲ್ಲಿ ಉಸಿರನ್ನು ಉಳಿಸಿಕೊಳ್ಳಲೆಂದು ತಮ್ಮನ್ನು ತಾವೇ ತಡೆದುಕೊಂಡು, ಆಮೇಲೆ ವೇಗ ಹೆಚ್ಚಿಸಿ, ಮದೀನಾವನ್ನು ಮೊದಲು ತಲುಪಿದರು. ಇದು ಸಹೀಹ್ ಮುಸ್ಲಿಮ್‌ನಲ್ಲಿ ಬಂದಿರುವ ವರದಿ.

ಅದೇ ಸಲಮಾ(ರ) ಕೆಲವೇ ದಿನಗಳ ನಂತರ ಖೈಬರ್‌ನಲ್ಲಿ ಕಾಲಿಗೆ ಪೆಟ್ಟು ತಿಂದರು. ಸಲಮಾರಿಗೆ ಏನೋ ಆಯಿತೆಂದು ಜನರು ಆತಂಕಗೊಂಡರು. ಪ್ರವಾದಿ(ಸ)ರು ಗಾಯದ ಮೇಲೆ ಮೂರು ಬಾರಿ ಊದಿದರು. ಅಂದಿನಿಂದ ಆ ಕಾಲು ನೋಯಲಿಲ್ಲವೆಂದು ಸಲಮಾ(ರ) ಬಹುಕಾಲದ ನಂತರ ತಮ್ಮ ಶಿಷ್ಯರಿಗೆ ಹೇಳಿದರು. ಶಿಷ್ಯರು ಆ ಮಾತನ್ನು ಕೇಳಿದ್ದು ಕಾಲಿನ ಮೇಲಿನ ಕಲೆಯನ್ನು ಕಂಡದ್ದರಿಂದ. ಅಂದರೆ ಕಲೆ ಉಳಿದಿತ್ತು. ಇದು ಬುಖಾರಿಯಲ್ಲಿದೆ.

ಮದ್ರಸಾದಲ್ಲಿ ನಾವು ಈ ಎರಡು ವರದಿಗಳನ್ನು ಬೇರೆ ಬೇರೆ ಗ್ರಂಥಗಳ ಪಾಠವಾಗಿ, ಬೇರೆ ಬೇರೆ ವರ್ಷಗಳಲ್ಲಿ ಓದಿದ್ದೆವು. ಅವು ಒಂದೇ ಕಾಲಿನ ಕಥೆಗಳೆಂದು ಹೊಳೆದದ್ದು, ಎರಡು ವರ್ಷಗಳ ಹಿಂದೆ ಪ್ಲಾಸ್ಟರ್ ಹಾಕಿದ ಎಡಗಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದಾಗ.

ನಮ್ಮ ಪಾಳಾ ಮುಂಡಗೋಡ ತಾಲ್ಲೂಕಿನ ಊರು. ಪೂರ್ವಕ್ಕೆ ಹಾನಗಲ್ಲಿನ ಬಯಲು, ಪಶ್ಚಿಮಕ್ಕೆ ಹೋದಂತೆ ಸಾಗುವಾನಿ, ಬಿದಿರು, ಆಮೇಲೆ ಸಹ್ಯಾದ್ರಿಯ ದಟ್ಟ ಕಾಡು. ಗೋವಿನಜೋಳದ ಹೊಲ, ಮಾವಿನ ತೋಟಗಳ ನಡುವಿನ ಬಂಡಿದಾರಿಯಲ್ಲಿ ಫಜ್ರ್ ನಮಾಜಿನ ನಂತರ ಓಡುವುದು ನಮ್ಮ ಹಲವು ವರ್ಷಗಳ ರೂಢಿ. ಬೆಟ್ಟ ಬೇಕೆಂದರೆ ಜೋಯಿಡಾದ ಕಡೆಗೆ ಹೋಗಬೇಕು. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಮನಬಂದಂತೆ ಓಡುವಂತಿಲ್ಲ. ಊರಿಂದ ಊರಿಗೆ ಜನ ನಡೆದಾಡುವ ಕಾಲುಹಾದಿಗಳಲ್ಲಿ, ಪರಿಚಯದವರೊಡನೆ ಓಡುತ್ತಿದ್ದೆವು. ಈಗ ಇದಕ್ಕೆ ಟ್ರೈಲ್ ರನ್ನಿಂಗ್ ಎಂಬ ಹೆಸರಿದೆ, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮಲ್ನಾಡ್ ಅಲ್ಟ್ರಾ ಎಂಬ ದೊಡ್ಡ ಓಟವೇ ನಡೆಯುತ್ತದೆ. ಮೌಲವಿಯೊಬ್ಬರು ಪೈಜಾಮ ಮಡಚಿಕೊಂಡು ಗುಡ್ಡ ಹತ್ತುವುದನ್ನು ಆ ಹೆಸರಿನಿಂದ ಕರೆಯಬೇಕೋ ಬೇಡವೋ, ಓದುಗರಿಗೆ ಬಿಟ್ಟದ್ದು.

ಅಕ್ಟೋಬರ್ ತಿಂಗಳ ಒಂದು ಮುಂಜಾನೆ ಇಳಿಜಾರಿನಲ್ಲಿ ಎಲೆಗಳ ಕೆಳಗೆ ಅಡಗಿದ್ದ ಬೇರಿಗೆ ಎಡಗಾಲು ಸಿಕ್ಕಿತು. ಕಣಕಾಲಿನ ಹೊರಬದಿಯ ಎಲುಬು ಮುರಿದಿತ್ತು. ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಆರು ವಾರಗಳ ಪ್ಲಾಸ್ಟರ್ ಸಾಕಾಯಿತು.

ಆ ಆರು ವಾರಗಳಲ್ಲಿ ಮದ್ರಸಾದ ಮಕ್ಕಳು ಮನೆಗೇ ಬಂದು ಪಾಠ ಹೇಳಿಸಿಕೊಂಡರು. ಅವರ ಮೊದಲ ಪ್ರಶ್ನೆ, 'ಹಜರತ್, ವುಜೂ ಹೆಂಗ ಮಾಡ್ತೀರಿ?' ಎಂಬುದು. ಪುಸ್ತಕದಲ್ಲಿ ಓದಿದ್ದ ಮಸಲೆಯನ್ನು ಅವರೆದುರಿಗೇ ಮಾಡಿ ತೋರಿಸಿದೆವು. ಪ್ಲಾಸ್ಟರ್ ಇರುವ ಕಾಲನ್ನು ತೊಳೆಯುವಂತಿಲ್ಲವಾದ್ದರಿಂದ ಅದರ ಮೇಲೆ ಒದ್ದೆ ಕೈ ಸವರಿದರೆ ಸಾಕು. ಚರ್ಮದ ಕಾಲುಚೀಲದ ಮೇಲೆ ಮಸಹ್ ಮಾಡಲು ಊರಲ್ಲಿರುವವನಿಗೆ ಒಂದು ದಿನ, ಪ್ರಯಾಣಿಕನಿಗೆ ಮೂರು ದಿನ ಎಂಬ ಮಿತಿಯಿದೆ. ಪ್ಲಾಸ್ಟರಿಗೆ ಅಂಥ ಮಿತಿಯಿಲ್ಲ, ಗಾಯ ಮಾಯುವವರೆಗೂ ಸಲ್ಲುತ್ತದೆ. ನಮಾಜಿನದೂ ಹಾಗೆಯೇ. ಇಮ್ರಾನ್ ಬಿನ್ ಹುಸೈನ್(ರ) ಕಾಯಿಲೆಯಲ್ಲಿದ್ದಾಗ ಪ್ರವಾದಿ(ಸ)ರು ಅವರಿಗೆ ನಿಂತು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ನಮಾಜ್ ಮಾಡುವಂತೆ ಹೇಳಿಕೊಟ್ಟರು. ಇವನ್ನೆಲ್ಲ ನಾವು ಇಪ್ಪತ್ತು ವರ್ಷಗಳಿಂದ ಕಲಿಸುತ್ತಾ ಬಂದಿದ್ದೇವೆ. ಆದರೂ ಸಜ್ದಾದಲ್ಲಿ ಹಣೆ ನೆಲ ಮುಟ್ಟದೆ ಕುರ್ಚಿಯ ಮೇಲೆ ಬಾಗಿದ ಮೊದಲ ದಿನ ಗಂಟಲು ಕಟ್ಟಿಬಂತು. ರಿಯಾಯಿತಿಯನ್ನು ಕಲಿಸುವುದೂ ಅದನ್ನು ಸ್ವೀಕರಿಸುವುದೂ ಒಂದೇ ಅಲ್ಲ.

ಪ್ಲಾಸ್ಟರ್ ಬಿಚ್ಚಿದಾಗ ಮೀನಖಂಡ ಸೊರಗಿ ಬಲಗಾಲಿನ ಅರ್ಧದಷ್ಟು ಕಾಣುತ್ತಿತ್ತು. ಹುಬ್ಬಳ್ಳಿಯ ಫಿಸಿಯೋಥೆರಪಿ ತಜ್ಞೆಯೊಬ್ಬರು ಕಾಲನ್ನು ತಿರುಗಿಸಿ ನೋಡಿ, 'ಮೌಲಾನಾ, ನಮಾಜಿಗೆ ಹೆಂಗ ಕುಂದ್ರತೀರಿ, ತೋರಸ್ರಿ' ಎಂದರು. ನಮಗೆ ಅಚ್ಚರಿಯಾಯಿತು. ತೋರಿಸಲು ಆಗಲಿಲ್ಲ, ಬಾಯಲ್ಲಿ ವಿವರಿಸಿದೆವು. ಬಲಪಾದವನ್ನು ನಿಲ್ಲಿಸಿ, ಎಡಪಾದವನ್ನು ಮಲಗಿಸಿ ಅದರ ಮೇಲೆ ಕೂರುವುದು. ಅವರು ತಲೆಯಾಡಿಸಿ, ಹಾಗೆ ಕೂರಲು ಕಣಕಾಲಿನ ಕೀಲು ಪೂರ್ತಿ ಚಾಚಬೇಕು, ಸಜ್ದಾದಿಂದ ಎದ್ದು ನಿಲ್ಲಲು ತೊಡೆಗೂ ಮೀನಖಂಡಕ್ಕೂ ಶಕ್ತಿ ಬೇಕು, ಆದ್ದರಿಂದ ಅದೇ ನಿಮ್ಮ ಮೊದಲ ಗುರಿ, ಓಟದ ಮಾತು ಆಮೇಲೆ ಎಂದರು. ಈ ಸಂಗತಿಯನ್ನು ನಾವು ಅನೇಕರಿಗೆ ಹೇಳಿದ್ದೇವೆ. ನಮ್ಮ ಆರಾಧನೆಯ ಬಗ್ಗೆ ಇಷ್ಟು ಗೌರವದಿಂದ ವಿಚಾರಿಸಿದ ಆ ಸಹೋದರಿಗೆ ಅಲ್ಲಾಹನು ಒಳಿತನ್ನು ನೀಡಲಿ.

ಅವರು ಕಲಿಸಿದ್ದು ಮೂರು ನಾಲ್ಕು ವ್ಯಾಯಾಮಗಳಷ್ಟೆ: ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಗೋಡೆಗೆ ಒರಗಿ ಮೊಣಕಾಲು ಬಾಗಿಸುವುದು, ಒಂಟಿ ಕಾಲಿನಲ್ಲಿ ನಿಲ್ಲುವುದು. ಒಂಟಿ ಕಾಲಿನ ವಿಷಯ ಮಕ್ಕಳ ಆಟದಂತೆ ಕಂಡರೂ ಅದೇ ಕಠಿಣ. ಕೀಲಿನ ಸುತ್ತಲಿನ ಕಟ್ಟುಗಳಲ್ಲಿ, ಕಾಲು ಯಾವ ಕೋನದಲ್ಲಿದೆಯೆಂದು ಮಿದುಳಿಗೆ ಸುದ್ದಿ ಮುಟ್ಟಿಸುವ ನರಗಳಿವೆ; ಪೆಟ್ಟಾದಾಗ ಎಲುಬಿನೊಡನೆ ಅವೂ ಮಂಕಾಗುತ್ತವೆ. ಎಲುಬು ಕೂಡಿದ ಮೇಲೂ ಕಾಲು ಮತ್ತೆ ಮತ್ತೆ ಉಳುಕುವುದಕ್ಕೆ ಅದೊಂದು ಕಾರಣ. ನಾವು ಹಲ್ಲುಜ್ಜುವಾಗ, ಒಲೆಯ ಮೇಲೆ ಹಾಲು ಕಾಯುವಾಗ ಎಡಗಾಲಿನ ಮೇಲೆ ಕೊಕ್ಕರೆಯಂತೆ ನಿಂತೆವು. ಮನೆಯವರು ನಕ್ಕರು, ನಗಲಿ. ರಮಝಾನ್ ಬಂದಾಗ ತರಾವೀಹ್‌ನ ಇಪ್ಪತ್ತು ರಕಅತ್‌ಗಳಲ್ಲಿ ಮೊದಲ ವಾರ ಎಂಟನ್ನು ಮಾತ್ರ ನಿಂತು, ಉಳಿದವನ್ನು ಕುಳಿತು ಮಾಡಿದೆವು. ಇಪ್ಪತ್ತೇಳನೆಯ ರಾತ್ರಿ ಇಪ್ಪತ್ತನ್ನೂ ನಿಂತೇ ಪೂರೈಸಿದೆವು.

ಓಟ ಆರಂಭವಾದದ್ದು ಈದ್ ಆದ ಮೇಲೆ. ಅದನ್ನು ಓಟವೆನ್ನುವುದು ಉದಾರತೆ. ಒಂದು ನಿಮಿಷ ಓಡುವುದು, ಎರಡು ನಿಮಿಷ ನಡೆಯುವುದು, ಹೀಗೆ ಎಂಟು ಸಲ. ಮರುದಿನ ಬೆಳಿಗ್ಗೆ ಕಣಕಾಲು ಊದಿದ್ದರೆ ಆ ದಿನ ವಿಶ್ರಾಂತಿ. ಊದಿಲ್ಲದಿದ್ದರೆ ಒಂದು ಸಲ ಹೆಚ್ಚು. ನಿಮಿಷ ಎಣಿಸಲು ಎಂಟನೆಯ ತರಗತಿಯ ನಮ್ಮ ಮಗಳು ಜೊತೆ ಬರತೊಡಗಿದಳು. ಮೊದಲು ಗಡಿಯಾರ ಹಿಡಿದು ಬದುವಿನ ಮೇಲೆ ನಿಲ್ಲುತ್ತಿದ್ದವಳು, ಅಪ್ಪನ ಓಟ ತನ್ನ ನಡಿಗೆಗಿಂತ ತುಸುವೇ ವೇಗವಾಗಿದ್ದುದರಿಂದ ಪಕ್ಕದಲ್ಲೇ ಓಡಿದಳು. ಮಳೆಗಾಲ ಹಿಡಿಯುವ ಹೊತ್ತಿಗೆ ಅವಳೇ ಮುಂದೆ.

ಬೆಟ್ಟಕ್ಕೆ ಮರಳುವ ಕ್ರಮವನ್ನು ಹೇಳಿಕೊಟ್ಟವರು ಹಳಿಯಾಳದ ಕಡೆಯ ಒಬ್ಬ ಸಿದ್ದಿ ಹಿರಿಯರು, ನಮ್ಮದೇ ಸಮುದಾಯದವರು. ಆಫ್ರಿಕಾದ ಮೂಲದ ಈ ಜನ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗಗಳಲ್ಲಿ ತಲೆಮಾರುಗಳಿಂದ ಇದ್ದಾರೆ. ಅವರಲ್ಲಿ ಹಿಂದೂಗಳೂ ಕ್ರೈಸ್ತರೂ ಮುಸ್ಲಿಮರೂ ಇದ್ದಾರೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆಯ್ದು ಓಟಕ್ಕೆ ತರಬೇತಿ ಕೊಡತೊಡಗಿತ್ತು. ಕೆಲವರು ದೇಶದ ಮಟ್ಟಕ್ಕೆ ಏರಿದರು, ಆದರೆ 1993ರಲ್ಲಿ ಆ ಯೋಜನೆಯೇ ನಿಂತುಹೋಯಿತು. ಓಡಬಲ್ಲ ಕಾಲುಗಳನ್ನು ನಡುದಾರಿಯಲ್ಲಿ ಬಿಟ್ಟುಬಿಡುವುದು ಎಂಥ ನಷ್ಟವೆಂದು ಆ ಭಾಗದಲ್ಲಿ ಹಳಬರನ್ನು ಕೇಳಿದರೆ ತಿಳಿಯುತ್ತದೆ. ಹಿರಿಯರು ನಮ್ಮ ಕಾಲನ್ನು ಒತ್ತಿ ನೋಡಿ, 'ಹತ್ತೂದು ಮೊದಲ ಸುರು ಮಾಡ್ರಿ ಹಜರತ್. ಇಳಿಯೂದು ನಡಕೋಂತ ಇಳೀರಿ' ಎಂದರು. ಫಿಸಿಯೋಥೆರಪಿ ತಜ್ಞೆಯೂ ಇದನ್ನೇ ಬೇರೆ ಮಾತಿನಲ್ಲಿ ಹೇಳಿದ್ದರು. ಏರುವಾಗ ಉಸಿರಿಗೆ ಕಷ್ಟ, ಕೀಲಿಗೆ ಅಷ್ಟಿಲ್ಲ. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಭಾರವನ್ನು ತಡೆಯಬೇಕು, ಪ್ರತಿ ಹೆಜ್ಜೆಯ ಹೊಡೆತ ಕಣಕಾಲಿಗೆ ಬೀಳುತ್ತದೆ. ಬೆಟ್ಟದ ಓಟದಲ್ಲಿ ಜಗತ್ತಿಗೇ ಹೆಸರಾದ ಸ್ಪೇನಿನ ಕಿಲಿಯನ್ ಜೋರ್ನೆ 2018ರ ಮಾರ್ಚ್‌ನಲ್ಲಿ ಹಿಮದ ಮೇಲಿನ ಸ್ಪರ್ಧೆಯೊಂದರಲ್ಲಿ ಬಿದ್ದು ಕಾಲೆಲುಬು ಮುರಿದುಕೊಂಡು, ಅದೇ ಬೇಸಿಗೆಯಲ್ಲಿ ಮಾಂಟ್ ಬ್ಲಾಂಕ್ ಮ್ಯಾರಥಾನ್ ಗೆದ್ದರು. ಅದು ಅವರಿಗಾಯಿತು. ನಲವತ್ತು ದಾಟಿದ ಮೇಷ್ಟರಿಗೆ ಸಿದ್ದಿ ಹಿರಿಯರ ಲೆಕ್ಕವೇ ಸರಿ.

ಮಗಳ ಓಟದ ಸುದ್ದಿ ಮೊಹಲ್ಲಾದಲ್ಲಿ ಹರಡಿತು. ಅಸರ್ ನಮಾಜಿನ ನಂತರ ಹಿರಿಯರೊಬ್ಬರು ಬದಿಗೆ ಕರೆದು, 'ಹಜರತ್, ನಿಮ್ಮ ಕಾಲು ನೆಟ್ಟಗಾತು, ಶುಕ್ರ್. ಹುಡುಗಿ ದೊಡ್ಡಾಕಿ ಆದಳು. ಇನ್ನ ಆಕಿ ಓಟ ಸಾಕು ಮಾಡ್ರಿ' ಎಂದರು. ಅವರು ಕೆಡುಕು ಬಯಸುವವರಲ್ಲ. ನಾವು ಹಜರತ್ ಆಯಿಶಾ(ರ) ಅವರ ಹದೀಸನ್ನು ಹೇಳಿದೆವು. ಪ್ರಯಾಣದಲ್ಲಿ ಪ್ರವಾದಿ(ಸ)ರು ಜೊತೆಗಾರರನ್ನು ಮುಂದೆ ಕಳುಹಿಸಿ ಆಯಿಶಾ(ರ) ಅವರೊಡನೆ ಓಟದ ಪಂದ್ಯ ಕಟ್ಟಿದರು, ಆಯಿಶಾ(ರ) ಗೆದ್ದರು. ಕಾಲಾನಂತರ ಅವರ ಮೈ ತುಂಬಿಕೊಂಡಾಗ ಮತ್ತೆ ಓಡಿದರು, ಪ್ರವಾದಿ(ಸ)ರು ಗೆದ್ದು, ಅಂದಿನ ಸೋಲಿಗೆ ಇದು ಸರಿಹೋಯಿತೆಂದು ನಗೆಯಾಡಿದರು. ಹಿರಿಯರು, 'ಅದು ಗಂಡ ಹೆಂಡತಿ ಮಾತು, ಯಾರೂ ನೋಡದ ಜಾಗ' ಎಂದರು. ಆ ಮಾತಿನಲ್ಲಿ ತೂಕವಿತ್ತು, ಅಲ್ಲಗಳೆಯಲಿಲ್ಲ. ಆದರೆ ತಂದೆಯೊಡನೆ, ಮೈಮುಚ್ಚುವ ಉಡುಪಿನಲ್ಲಿ, ಜನ ಏಳುವ ಮುನ್ನ ಹೊಲದ ದಾರಿಯಲ್ಲಿ ಓಡುವ ಹುಡುಗಿ ಯಾವ ಮಿತಿಯನ್ನು ದಾಟುತ್ತಾಳೆಂದು ಕೇಳಿದೆವು. ಅವರು ಒಪ್ಪಲೂ ಇಲ್ಲ, ವಾದವನ್ನು ಮುಂದುವರಿಸಲೂ ಇಲ್ಲ. ಇಂದಿಗೂ ಸಲಾಮ್‌ಗೆ ಉತ್ತರಿಸುತ್ತಾರೆ, ಓಟದ ಮಾತೆತ್ತುವುದಿಲ್ಲ.

ರಾತ್ರಿ ಊಟದ ಹೊತ್ತಿಗೆ ಇದನ್ನು ಕೇಳಿ ನಮ್ಮ ತಾಯಿಯವರು, 'ಹಾಜರಾ ಬೀಬಿ ಯಾರನ್ನ ಕೇಳಿ ಓಡಿದ್ದರು?' ಎಂದರು. ಅಮ್ಮಿ ಓದು ಬರಹ ಕಲಿತವರಲ್ಲ. ಕೆಲವು ವರ್ಷಗಳ ಹಿಂದೆ ಉಮ್ರಾಕ್ಕೆ ಹೋದಾಗ ಮಂಡಿನೋವಿನಿಂದ ಸಫಾ ಮರ್ವಾಗಳ ನಡುವಿನ ಸಯೀಯನ್ನು ಗಾಲಿಕುರ್ಚಿಯಲ್ಲಿ ಪೂರೈಸಿದವರು. ಸಫಾದಿಂದ ಮರ್ವಾಕ್ಕೆ ಸುಮಾರು 450 ಮೀಟರ್. ಏಳು ಸಲವೆಂದರೆ ಮೂರು ಕಿಲೋಮೀಟರಿಗೂ ಹೆಚ್ಚು. ನೀರಿಗಾಗಿ ಎರಡು ಗುಡ್ಡಗಳ ನಡುವೆ ಹಾಜರಾ(ಅ) ಒಬ್ಬಂಟಿಯಾಗಿ ಓಡಿದ ಆ ಹಾದಿಯನ್ನು ಇಂದು ಕೋಟಿಗಟ್ಟಲೆ ಜನ ಆರಾಧನೆಯಾಗಿ ತುಳಿಯುತ್ತಾರೆ. ಅಮ್ಮಿ ಮತ್ತೇನೂ ಹೇಳದೆ ಮೊಮ್ಮಗಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಕಳೆದ ಡಿಸೆಂಬರ್‌ನಲ್ಲಿ ಮಗಳೊಡನೆ ಜೋಯಿಡಾದ ಕಡೆಗೆ ಹೋದೆವು. ಸಿದ್ದಿ ಹಿರಿಯರೂ ಬಂದಿದ್ದರು. ಏರಿನಲ್ಲಿ ಮೊದಲ ಎರಡು ದಿಬ್ಬಗಳವರೆಗೆ ಬೇಕೆಂದೇ ನಿಧಾನಿಸಿದೆವು. ಉಸಿರು ಕೂಡಿಬಂದ ಮೇಲೆ ಸಣ್ಣ ಹೆಜ್ಜೆಯ ಓಟ. ಮಗಳು ಸೀಗೆಪೊದೆಗಳ ಆಚೆ ಮರೆಯಾಗಿ ಮತ್ತೆ ಕಾದು ನಿಲ್ಲುತ್ತಿದ್ದಳು. ಮೇಲಿನ ಬಯಲಿನಲ್ಲಿ ಝುಹ್ರ್ ಹೊತ್ತಾಯಿತು. ಹಳ್ಳದ ನೀರಿನಲ್ಲಿ ವುಜೂ ಮಾಡುವಾಗ ಎಡಗಾಲಿನ ಕಣಕಾಲಿನ ಸುತ್ತ ಬೆರಳಾಡಿಸಿದರೆ ಎಲುಬು ಕೂಡಿದ ಜಾಗದಲ್ಲಿ ಒಂದು ಸಣ್ಣ ಉಬ್ಬು ಸಿಗುತ್ತದೆ. ಪ್ರಯಾಣಿಕರಾದುದರಿಂದ ಎರಡು ರಕಅತ್. ಕೊನೆಯಲ್ಲಿ ಎಡಪಾದವನ್ನು ಮಲಗಿಸಿ ಅದರ ಮೇಲೆ ಕುಳಿತೆವು, ದಿಂಬಿಲ್ಲದೆ, ಕಲ್ಲುನೆಲದ ಮೇಲೆ.

ಇಳಿಜಾರನ್ನು ನಡೆದೇ ಇಳಿದೆವು. ಹತ್ತಿದ್ದಕ್ಕಿಂತ ಇಳಿಯಲು ಏಳು ನಿಮಿಷ ಹೆಚ್ಚಾಯಿತೆಂದು ಮಗಳು ಗಡಿಯಾರ ನೋಡಿ ಹೇಳಿದಳು. ಮಳೆಗಾಲಕ್ಕೆ ಮುನ್ನ ಇನ್ನೊಮ್ಮೆ ಹೋಗುವುದಿದೆ.